ಮಾಳಕ್ಕ ಸಾಲು ಬಿಟ್ಟ ದಿನ

ಹೊಳೆಯ ತಿರುವಿನಲ್ಲಿದ್ದ ಒಂದು ಕಾಡಿಗೆ ಸಾಲುಗಾಡು ಎಂದು ಹೆಸರು. ಹೆಸರಿಟ್ಟವರು ಪಕ್ಕದ ಕಾಡಿನವರು, ಅದೂ ಗೇಲಿಗೆಂದೇ ಇಟ್ಟದ್ದು. ಇಲ್ಲಿನ ಪ್ರಾಣಿಗಳು ನೀರಿಗೆ ಹೋದರೂ ಸಾಲು, ನೆರಳಿಗೆ ಹೋದರೂ ಸಾಲು. ಮರಿ ಹುಟ್ಟಿ ಕಾಲೂರಿ ನಿಂತಿತೆಂದರೆ ತಾಯಿ ಹೇಳಿಕೊಡುವ ಮೊದಲ ಪಾಠ ಒಂದೇ ಆಗಿತ್ತು. "ಮುಂದಿನವರ ಬಾಲ ನೋಡ್ಕೊಂಡು ನಡಿ. ಬೇರೇನೂ ನೋಡ್ಬೇಡ."

ಆ ಕಾಡನ್ನು ಸಮಪಾಲು ಕೂಟ ಎಂಬ ಒಂದೇ ಕೂಟ ಬಹಳ ಕಾಲದಿಂದ ಆಳುತ್ತಿತ್ತು. ಇನ್ನೊಂದು ಕೂಟ ಕಟ್ಟುವ ಹಾಗಿರಲಿಲ್ಲ. ಗೆಡ್ಡೆ, ಹಣ್ಣು, ಜೇನು ಎಲ್ಲವೂ ಎಲ್ಲರದು ಎಂದು ಕೂಟ ಹೇಳುತ್ತಿತ್ತು. ಅದಕ್ಕೇ ಸಿಕ್ಕಿದ್ದನ್ನೆಲ್ಲ ತಂದು ಕೂಟದ ಗವಿಗೆ ಹಾಕಬೇಕಿತ್ತು. ಅಲ್ಲಿಂದ ಹಂಚಿಕೆ. ಹಂಚಿಸಿಕೊಂಡವರ ಪಕ್ಕೆಲುಬು ಕಾಣುತ್ತಿತ್ತು, ಹಂಚುವವರ ಮೈ ಮಾತ್ರ ಬಿರುಬೇಸಿಗೆಯಲ್ಲೂ ಮಿರಿಮಿರಿ ಮಿಂಚುತ್ತಿತ್ತು. ಕೇಳುವ ಧೈರ್ಯ ಯಾರಿಗಿತ್ತು?

ಕೂಟದ ಅಧ್ಯಕ್ಷ ಕರಡಿ ದೊಡ್ಡಯ್ಯ. ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಸಮ್ಮತಿ ದಿನ ಬರುತ್ತಿತ್ತು. ಅಂದು ಪ್ರತಿಯೊಂದು ಪ್ರಾಣಿಯೂ ಬಾಯಲ್ಲಿ ಒಂದು ಹುಣಸೆ ಬೀಜ ಕಚ್ಚಿಕೊಂಡು ಆಲದ ಮರದ ಕೆಳಗಿಂದ ಸಾಲಾಗಿ ಹೊರಡಬೇಕು. ಹಾದಿಯಲ್ಲಿ ಹೆಬ್ಬಂಡೆ, ಬಂಡೆಯ ಬುಡದಲ್ಲಿ ಒಂದು ಗುಂಡಿ. ಬೀಜವನ್ನು ಗುಂಡಿಗೆ ಹಾಕಬೇಕು, ತಲೆ ಬಾಗಿಸಬೇಕು, ಎಡಕ್ಕೆ ತಿರುಗಿ ಮನೆಗೆ ಹೋಗಬೇಕು. ಬಾಯಲ್ಲಿ ಬೀಜ ಇರುವಾಗ ಮಾತಾಡಲು ಬರುವುದಿಲ್ಲವಲ್ಲ, ಸಾಲು ಬಹಳ ಶಿಸ್ತಾಗಿ ನಡೆಯುತ್ತಿತ್ತು. ಕೊನೆಯ ಬೀಜ ಬಿದ್ದ ಮೇಲೆ ಕೂಟದ ಡಂಗುರದವನಾದ ನರಿ ಲಕ್ಕಪ್ಪ ಬಂಡೆ ಹತ್ತಿ ಕೂಗುತ್ತಿದ್ದ. "ಎಲ್ಲರದೂ ಒಂದೇ ಮಾತು. ದೊಡ್ಡಯ್ಯನವರೇ ಅಧ್ಯಕ್ಷರು." ನಿಂತವನು ಒಬ್ಬನೇ ಆದ ಮೇಲೆ ಬೇರೆ ಯಾರಾಗಲು ಸಾಧ್ಯ?

ಆ ಸಾಲಿನ ತಲೆಯಲ್ಲಿ ನಡೆಯುತ್ತಿದ್ದವಳು ಮಾಳಕ್ಕ ಎಂಬ ಹಿರಿಯ ಕಡವೆ. ಅವಳ ಅಜ್ಜಿ ಮೊದಲು ನಡೆದಿದ್ದಳು, ತಾಯಿ ಮೊದಲು ನಡೆದಿದ್ದಳು, ಈಗ ಇವಳು. ಇಡೀ ಕಾಡು ತನ್ನ ಹಿಂದೆ ಬರುತ್ತದೆಂಬ ಹೆಮ್ಮೆ ಮಾಳಕ್ಕನಿಗೂ ಇತ್ತು. ಆ ಹೆಮ್ಮೆ ಒಂದು ಸಮ್ಮತಿ ದಿನ ಉಡುಗಿಹೋಯಿತು. ಅವಳ ತಂಗಿ ಕೆಂಚಿ ಅಂದು ಗುಂಡಿಯ ಹತ್ತಿರ ಬಂದವಳು ಬೀಜ ಹಾಕಲೇ ಇಲ್ಲ. ಕಚ್ಚಿಕೊಂಡ ಬೀಜವನ್ನು ಹಾಗೇ ಕಚ್ಚಿಕೊಂಡು ಮುಂದೆ ಹೋದಳು. ಲಕ್ಕಪ್ಪ ಅದನ್ನು ಕಂಡ. ಕಂಡದ್ದನ್ನು ಕೂಗಿದ. ಒಪ್ಪದವರು ಹೊಳೆಯ ಆಚೆಗೆ ಹೋಗಬೇಕೆಂಬುದು ಕೂಟದ ಕಟ್ಟಳೆ. ಸಂಜೆಯೊಳಗೆ ಕೂಟದ ಕಾವಲಿನ ಸೀಳುನಾಯಿಗಳು ಕೆಂಚಿಯನ್ನು ಆಚೆ ದಡಕ್ಕೆ ಅಟ್ಟಿದವು.

ಅಂದಿನಿಂದ ಬೆಳಗಾಗುತ್ತಲೇ ಮಾಳಕ್ಕ ಈಚೆ ದಡಕ್ಕೆ ಬರುತ್ತಿದ್ದಳು, ಕೆಂಚಿ ಆಚೆ ದಡಕ್ಕೆ ಬರುತ್ತಿದ್ದಳು. ಸೀಳುನಾಯಿಗಳ ಕಾವಲು. ಕೂಗಿ ಮಾತಾಡುವಂತಿರಲಿಲ್ಲ. ಅಕ್ಕತಂಗಿಯರು ಒಬ್ಬರನ್ನೊಬ್ಬರು ನೋಡಿ ನೀರು ಕುಡಿದು ಹೋಗುತ್ತಿದ್ದರು. ತಂಗಿ ಈ ದಡಕ್ಕೆ ಬರಬೇಕು. ಮಾಳಕ್ಕನಿಗೆ ಬದುಕಿನಲ್ಲಿ ಇನ್ನೇನೂ ಬೇಕಾಗಿರಲಿಲ್ಲ.

ಹೀಗಿರುವಾಗ ಒಂದು ಬೇಸಿಗೆಯಲ್ಲಿ ಕಾಡಿನವರಿಗೆ ಸಾಕಾಗಿ ಹೋಯಿತು. ಗವಿಯೊಳಗೆ ಗೆಡ್ಡೆ ಕೊಳೆಯುತ್ತಿತ್ತು, ಹೊರಗೆ ಮರಿಗಳು ಹಸಿದಿದ್ದವು. ಪ್ರಾಣಿಗಳೆಲ್ಲ ಗವಿಯ ಮುಂದೆ ಸುಮ್ಮನೆ ಮಲಗಿಬಿಟ್ಟವು. ಕೂಗಾಡಲಿಲ್ಲ, ಕಚ್ಚಾಡಲಿಲ್ಲ. ಒಂದು ಗೆಡ್ಡೆಯನ್ನೂ ತರಲಿಲ್ಲ, ಅಷ್ಟೇ. ಸೀಳುನಾಯಿಗಳು ಗುರುಗುಟ್ಟಿದವು. ಆದರೆ ಇಷ್ಟು ಜನರಲ್ಲಿ ಯಾರನ್ನೆಂದು ಅಟ್ಟುವುದು? ಕೊನೆಗೆ ದೊಡ್ಡಯ್ಯನೇ ಹೊರಗೆ ಬಂದ. ಅವನಿಗೂ ವಯಸ್ಸಾಗಿತ್ತು.

"ಈ ಸಲ ನಾನು ನಿಲ್ಲಲ್ಲ" ಎಂದ. "ಯಾರು ಬೇಕಾದ್ರೂ ನಿಂತ್ಕೊಳ್ಳಿ. ಎಷ್ಟು ಜನ ನಿಲ್ತಾರೋ ಅಷ್ಟು ಗುಂಡಿ ತೋಡಿ."

ನಿಂತವರು ಇಬ್ಬರು. ಒಬ್ಬ ಮುಸುವ ಕರಿಯಣ್ಣ. ಗವಿಯ ಮುಂದೆ ಮೊದಲು ಮಲಗಿದವನು ಅವನೇ. ಇನ್ನೊಬ್ಬ ಯಾರೆಂದುಕೊಂಡಿರಿ? ನರಿ ಲಕ್ಕಪ್ಪ. ಡಂಗುರದವನೇ. "ನಾನು ಬಾಯಲ್ಲಿ ಕೂಟದವನು, ಮನಸ್ಸಲ್ಲಿ ಯಾವತ್ತೂ ನಿಮ್ಮವನೇ" ಎಂದು ಕಣ್ಣಲ್ಲಿ ನೀರು ತಂದುಕೊಂಡ. ಅಳು ಅವನಿಗೆ ಕರೆದಾಗ ಬರುತ್ತಿತ್ತು.

ಆಲದ ಕೆಳಗೆ ಸಭೆ ಸೇರಿತು. ಲಕ್ಕಪ್ಪ ಎರಡು ಮಾತು ಕೇಳಿದ, ಎರಡೂ ಬಹಳ ಸಣ್ಣವು ಎಂಬಂತೆ.

"ನನಗೆ ಕಾಲುನೋವು. ನನ್ನ ಗುಂಡಿ ಹಳೇ ಜಾಗದಲ್ಲೇ, ಬಂಡೆ ಹತ್ರ ಇರ್ಲಿ. ಕರಿಯಣ್ಣನ ಗುಂಡಿ ಮುಂದೆ ಮತ್ತಿಮರದ ಕೆಳಗೆ ಇರ್ಲಿ. ಅವನಿಗೆ ಮರ ಅಂದ್ರೆ ಇಷ್ಟ ಅಲ್ವಾ?"

ಇದಕ್ಕೆ ಕರಿಯಣ್ಣ ಆಗಲಿ ಎಂದ.

"ಇನ್ನೊಂದು ಮಾತು. ಒಂದೇ ಕಾಡಲ್ಲಿ ಗೆದ್ದವನೂ ಸೋತವನೂ ಇದ್ರೆ ದಿನಾ ಜಗಳ. ಕಟ್ಟಳೆ ಇದ್ದೇ ಇದೆಯಲ್ಲ, ಸೋತವನೂ ಅದರ ಪ್ರಕಾರ ಹೊಳೆ ದಾಟಿ ಹೋಗ್ಲಿ."

"ಸೋತವನು ಕಾಡು ಬಿಡಬೇಕು ಅಂದ್ರೆ ಇನ್ನು ಮುಂದೆ ಯಾರಪ್ಪ ನಿಲ್ತಾರೆ?" ಎಂದು ಕರಿಯಣ್ಣ ಕೇಳಿದ.

ಲಕ್ಕಪ್ಪ ಆಗಲೇ ಎದ್ದು ನಿಂತಿದ್ದ. "ಒಪ್ಪಿದವರು ಬಾಲ ಎತ್ತಿ" ಎಂದ, ಬಂಡೆಯ ಮೇಲಿನ ಹಳೆಯ ದನಿಯಲ್ಲಿ. ಆ ದನಿ ಕೇಳಿದ್ದೇ ತಡ, ಎಲ್ಲ ಬಾಲಗಳೂ ತಾವಾಗಿ ಎದ್ದವು. ಎತ್ತಿದ ಮೇಲೆ ಯಾತಕ್ಕೆ ಎತ್ತಿದೆವೆಂದು ಪ್ರಾಣಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಮಾಳಕ್ಕನ ಬಾಲವೂ ಎದ್ದಿತ್ತು. ಅವಳಿಗೆ ನಾಚಿಕೆಯಾಯಿತು.

ಮಳೆಗಾಲ ಮುಗಿಯಿತು. ಚುನಾವಣೆಯ ಹಿಂದಿನ ದಿನ ಮಧ್ಯಾಹ್ನ ಮಾಳಕ್ಕ ಉಪ್ಪುಮಣ್ಣು ನೆಕ್ಕುತ್ತಿದ್ದಳು. ಲಕ್ಕಪ್ಪ ಬಂದು ಎದುರಿಗೆ ಕುಳಿತ.

"ಕೆಂಚಿ ಹೇಗಿದ್ದಾಳಕ್ಕ?" ಎಂದ.

"ಆಚೆಗೆ ಕಳಿಸಿದವನು ನೀನು. ನೀನೇ ಹೇಳು."

"ಹಳೇದೆಲ್ಲ ಯಾಕೆ? ನಾನು ಗೆದ್ರೆ ನಾಡಿದ್ದು ಸಂಜೆಗೆ ಅವಳು ನಿನ್ನ ಪಕ್ಕದಲ್ಲಿ ಮೇಯ್ತಾಳೆ. ಸೀಳುನಾಯಿಗಳು ನನ್ನ ಮಾತು ಕೇಳ್ತವೆ, ಗೊತ್ತಲ್ಲ."

ಮಾಳಕ್ಕ ನೆಕ್ಕುವುದನ್ನು ನಿಲ್ಲಿಸಿದಳು. "ನಾನೇನು ಮಾಡ್ಬೇಕು?" ಎಂದಳು.

"ಏನೂ ಮಾಡ್ಬೇಡ. ಅದೇ ನಾನು ಕೇಳೋದು. ಪ್ರತಿ ವರ್ಷ ಹೇಗೆ ನಡೀತಿದ್ಯೋ ಹಾಗೇ ನಡಿ. ಬಂಡೆ ಹತ್ರದ ಗುಂಡಿಗೆ ಬೀಜ ಹಾಕು, ಎಡಕ್ಕೆ ತಿರುಗು, ಮನೆಗೆ ಹೋಗು. ನಿನ್ನ ಹಿಂದೆ ಬರೋರು ಬರ್ತಾರೆ."

ಅವನು ಹೋದ ಮೇಲೆ ಮಾಳಕ್ಕ ಅಲ್ಲೇ ನಿಂತಿದ್ದಳು. ಆಮೇಲೆ ನೇರವಾಗಿ ಮತ್ತಿಮರದ ಬಳಿಗೆ ಹೋದಳು. ಕರಿಯಣ್ಣ ಕೊಂಬೆಯ ಮೇಲೆ ಕುಳಿತು ಹೇನು ಹೆಕ್ಕಿಕೊಳ್ಳುತ್ತಿದ್ದ.

"ನೀನು ಗೆದ್ರೆ ಕೆಂಚಿ ಬರ್ತಾಳಾ ಕರಿಯಣ್ಣ?"

ಕರಿಯಣ್ಣ ಕೆಳಗಿಳಿದು ಬಂದ. "ಬರ್ಲಿ ಅಂತ ನಾನು ಸಭೇಲಿ ಹೇಳ್ತೀನಕ್ಕ. ಬಂದೇ ಬರ್ತಾಳೆ ಅಂತ ಮಾತು ಕೊಡೋಕೆ ಆಗಲ್ಲ. ಒಬ್ಬನೇ ಕಳಿಸೋದು, ಒಬ್ಬನೇ ಕರೆಸೋದು, ಅದನ್ನೇ ತಾನೇ ನಾವು ಸಾಕು ಅಂದಿದ್ದು? ಸಭೆ ಒಪ್ಪಬೇಕು."

"ಒಂದು ಮಾತು ಕೊಡೋಕೂ ನಿನ್ನ ಕೈಲಿ ಆಗಲ್ವಾ?"

"ಸುಳ್ಳು ಮಾತು ಕೊಡೋಕೆ ಆಗಲ್ಲ."

ಮಾಳಕ್ಕನಿಗೆ ಸಿಟ್ಟು ನೆತ್ತಿಗೇರಿತು. ನೆಲವನ್ನು ಗೊರಸಿನಿಂದ ಒದ್ದು ಹೊರಟಳು. ಆ ಕ್ಷಣಕ್ಕೆ ಅವಳಿಗೆ ಲಕ್ಕಪ್ಪನೇ ಎಷ್ಟೋ ವಾಸಿ ಎನ್ನಿಸಿತು. ಅವನು ಕೊನೆಪಕ್ಷ ಕೊಡುತ್ತೇನೆ ಎನ್ನುತ್ತಾನೆ. ನಿಮ್ಮ ತಂಗಿ ಹೊಳೆಯಾಚೆ ಇದ್ದಿದ್ದರೆ ನಿಮಗೂ ಹಾಗೇ ಅನ್ನಿಸುತ್ತಿತ್ತು.

ಮರುದಿನ ಬೆಳಗ್ಗೆ ಇಬ್ಬನಿ ಆರುವ ಹೊತ್ತಿಗೆ ಕಾಡೆಲ್ಲ ಆಲದ ಕೆಳಗೆ ಸೇರಿತು. ಜಿಂಕೆ, ಕಾಡುಹಂದಿ, ಮೊಲ, ಮುಂಗುಸಿ, ಕಾಡುಕೋಳಿ ಎಲ್ಲರ ಬಾಯಲ್ಲೂ ಒಂದೊಂದು ಹುಣಸೆ ಬೀಜ. ಎರಡು ಗುಂಡಿಯ ಚುನಾವಣೆ ಆ ಕಾಡು ಕಂಡದ್ದು ಅದೇ ಮೊದಲು. ಆದರೂ ಯಾರೂ ಹೇಳದೆಯೇ ಸಾಲು ತಾನಾಗಿ ಕಟ್ಟಿಕೊಂಡಿತು. ತಲೆಯಲ್ಲಿ ಮಾಳಕ್ಕ. ಅವಳ ಹಿಂದೆ ಮುಳ್ಳುಹಂದಿ ಸಿದ್ದವ್ವ. ಹಿಂದಿನ ದಿನಗಳಲ್ಲೆಲ್ಲ "ಕರಿಯಣ್ಣನಿಗೇ ನನ್ನ ಬೀಜ" ಎಂದು ಪೊದೆ ಪೊದೆಗೂ ಸಾರಿಕೊಂಡು ಬಂದ ಸಿದ್ದವ್ವ.

ಸಾಲು ಹೊರಟಿತು. ಹೆಬ್ಬಂಡೆ ಬಂತು. ಲಕ್ಕಪ್ಪ ತನ್ನ ಗುಂಡಿಯ ಪಕ್ಕದಲ್ಲಿ ಮುಂಗಾಲು ಜೋಡಿಸಿಕೊಂಡು ಕುಳಿತಿದ್ದ. ಮತ್ತಿಮರ ಹಾದಿಯ ತಿರುವಿನಾಚೆ ಇತ್ತು, ಬೇಕೆಂದು ನೋಡಿದವರಿಗೆ ಮಾತ್ರ ಕಾಣುತ್ತಿತ್ತು. ಮಾಳಕ್ಕ ಗುಂಡಿಯ ಮುಂದೆ ನಿಂತಳು. ಕೆಂಚಿಯ ಮುಖ ನೆನಪಾಯಿತು. ಬೀಜವನ್ನು ಬಿಡಲು ಬಾಯಿ ತೆರೆಯಬೇಕು, ಅಷ್ಟೇ. ಅಷ್ಟು ಮಾಡಿದರೆ ತಂಗಿ ಬರುತ್ತಾಳೆ.

ಯಾಕೋ ಅವಳು ಹಿಂತಿರುಗಿ ನೋಡಿದಳು. ಇಷ್ಟು ವರ್ಷ ಮುಂದೆ ನಡೆದವಳು ಹಿಂದಕ್ಕೆ ತಿರುಗಿ ನೋಡಿದ್ದು ಅದೇ ಮೊದಲು. ಆಲದ ಮರದವರೆಗೂ ಸಾಲು, ಎಲ್ಲರ ಕಣ್ಣೂ ಮುಂದಿನವರ ಬಾಲದ ಮೇಲೆ. ಒಬ್ಬರೂ ತಲೆ ಎತ್ತಿರಲಿಲ್ಲ. ಸಿದ್ದವ್ವ ಕೂಡ ಮಾಳಕ್ಕನ ಬಾಲವನ್ನೇ ನೋಡುತ್ತ, ಲಕ್ಕಪ್ಪನ ಗುಂಡಿಯ ಕಡೆಗೆ ಆಗಲೇ ಮೂತಿ ಚಾಚಿದ್ದಳು. ಕರಿಯಣ್ಣನಿಗೆಂದು ಸಾರಿದ ಬೀಜ ಇನ್ನೊಂದು ಕ್ಷಣದಲ್ಲಿ ಲಕ್ಕಪ್ಪನ ಪಾಲಾಗುತ್ತಿತ್ತು, ಸಿದ್ದವ್ವನಿಗೆ ಗೊತ್ತೇ ಆಗುತ್ತಿರಲಿಲ್ಲ.

ಲಕ್ಕಪ್ಪ ಏನೂ ಮಾಡಬೇಡ ಎಂದದ್ದು ಯಾಕೆಂದು ಮಾಳಕ್ಕನಿಗೆ ಆಗ ಹೊಳೆಯಿತು. ಅವನಿಗೆ ಬೇಕಾಗಿದ್ದದ್ದು ಅವಳ ಒಂದು ಬೀಜವಲ್ಲ. ಇಡೀ ಕಾಡಿನ ಬೀಜಗಳನ್ನು ಅವನು ಅವಳ ಬಾಲಕ್ಕೆ ಕಟ್ಟಿ ಎಳೆಸುತ್ತಿದ್ದ. ಇದು ಮೊನ್ನೆಯವರೆಗೆ ನಡೆದ ಸಮ್ಮತಿ ದಿನವೇ, ಗುಂಡಿ ಮಾತ್ರ ಎರಡು.

ಮಾಳಕ್ಕ ಹಾದಿಗೆ ಅಡ್ಡಲಾಗಿ ಮಲಗಿಬಿಟ್ಟಳು.

ಸಿದ್ದವ್ವ ಹೋಗಿ ಅವಳಿಗೆ ಡಿಕ್ಕಿ ಹೊಡೆದಳು. ಸಿದ್ದವ್ವನಿಗೆ ಕಾಡುಹಂದಿ ಡಿಕ್ಕಿ ಹೊಡೆದು, ಮೂತಿಗೆ ಮುಳ್ಳು ಚುಚ್ಚಿಸಿಕೊಂಡು ಅರಚಿತು. ಅರಚಿದ್ದರಿಂದ ಅದರ ಬೀಜ ಬಿದ್ದುಹೋಯಿತು. ಸಾಲು ಹಿಂದಿನಿಂದ ಮುಂದಕ್ಕೆ ಒತ್ತಿ ಒತ್ತಿ ಒಂದು ದೊಡ್ಡ ಗೊಂದಲವಾಯಿತು.

"ಏಳಕ್ಕ, ಏಳು" ಎಂದು ಲಕ್ಕಪ್ಪ ಹಲ್ಲು ಕಚ್ಚಿ ಪಿಸುಗುಟ್ಟಿದ. "ಕೆಂಚಿ ಕಾಯ್ತಿದ್ದಾಳೆ."

ಮಾಳಕ್ಕ ಬೀಜವನ್ನು ಉಗಿದು ಗೊರಸಿನ ಕೆಳಗೆ ಇಟ್ಟುಕೊಂಡಳು. ಸಾಲಿನಲ್ಲಿ ನಿಂತು ಮಾತಾಡಿದವರು ಆ ಕಾಡಿನಲ್ಲಿ ಇರಲಿಲ್ಲ. ಅವಳು ಮಾತಾಡಿದಳು.

"ಎಲ್ಲರೂ ಕೇಳಿ. ನಾನು ಈ ಗುಂಡಿಗೆ ಹಾಕಿದ್ರೆ ನನ್ನ ತಂಗೀನ ಕರೆಸ್ತೀನಿ ಅಂತ ಲಕ್ಕಪ್ಪ ಹೇಳಿದ್ದಾನೆ. ಅವಳು ಬರ್ಲಿ ಅಂತ ನನಗೆ ಜೀವ ಹೋಗೋ ಅಷ್ಟು ಆಸೆ. ಆದ್ರೆ ನಾನು ಹಾಕಿದ್ರೂ ಅದನ್ನ ನೋಡಿ ನೀವು ಹಾಕ್ಬೇಡಿ. ಇಲ್ಲೊಂದು ಗುಂಡಿ ಇದೆ, ಮತ್ತಿಮರದ ಕೆಳಗೆ ಇನ್ನೊಂದು ಇದೆ. ತಲೆ ಎತ್ತಿ ನೋಡಿ. ಇವತ್ತು ನನ್ನ ಹಿಂದೆ ಯಾರೂ ಬರ್ಬೇಡಿ."

ಯಾರೂ ಅಲ್ಲಾಡಲಿಲ್ಲ. ಹಿಂಬಾಲಿಸಲು ಬಾಲವಿಲ್ಲದೆ ನಡೆಯುವುದು ಹೇಗೆಂದು ಅವರಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಸಿದ್ದವ್ವ ನಿಧಾನವಾಗಿ ತಲೆ ಎತ್ತಿದಳು. ಬಂಡೆಯನ್ನು ನೋಡಿದಳು, ತಿರುವಿನಾಚೆ ನೋಡಿದಳು. ಅಯ್ಯೋ, ನಾನೇನು ಮಾಡಲು ಹೊರಟಿದ್ದೆ ಎಂಬಂತೆ ಮುಳ್ಳು ಜಾಡಿಸಿಕೊಂಡು, ಸಾಲಿನಿಂದ ಹೊರಗೆ ಕಾಲಿಟ್ಟು, ಪೊದೆ ನುಗ್ಗಿ ತನ್ನದೇ ಹಾದಿ ಮಾಡಿಕೊಂಡು ಹೋದಳು.

ಅಷ್ಟೇ ಸಾಕಾಯಿತು. ಸಾಲು ಬಿಚ್ಚಿಕೊಂಡಿತು. ಕೆಲವರು ಲಕ್ಕಪ್ಪನ ಗುಂಡಿಗೇ ಹಾಕಿದರು. ಅವರಿಗೆ ಅವನೇ ಬೇಕಾಗಿತ್ತು, ಇರಲಿ, ಅದು ಅವರ ಬೀಜ. ಕೆಲವರು ಮತ್ತಿಮರಕ್ಕೆ ಹೋದರು. ಕಾಡುಹಂದಿ ಬಿದ್ದ ಬೀಜವನ್ನು ಹುಡುಕಿಕೊಂಡು ಅತ್ತ ಹೋಗಿ, ಇತ್ತ ಬಂದು, ಯೋಚಿಸುತ್ತ ಕುಳಿತು, ಮತ್ತೆ ಅತ್ತ ಹೋಯಿತು. ಮೊಲಗಳಲ್ಲಿ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಎಂಥ ಗದ್ದಲ ಅದು. ಆ ಕಾಡು ಅಷ್ಟು ಚೆನ್ನಾಗಿ ಕಂಡದ್ದು ಅದೇ ಮೊದಲು.

ಎಲ್ಲರದೂ ಮುಗಿದ ಮೇಲೆ ಮಾಳಕ್ಕ ಎದ್ದು ತನ್ನ ಬೀಜವನ್ನು ಕಚ್ಚಿಕೊಂಡಳು. ಆಗ ಯಾರೂ ಹೇಳದೆ ಒಂದು ಸಂಗತಿ ನಡೆಯಿತು. ಅವಳು ಎತ್ತ ಹೋಗುತ್ತಾಳೆಂದು ಕಾಣದಿರಲಿ ಎಂದು ಕಾಡಿನ ಪ್ರಾಣಿಗಳೆಲ್ಲ ಒಬ್ಬೊಬ್ಬರಾಗಿ ಮುಖ ತಿರುಗಿಸಿ ನಿಂತವು. ಕಥೆ ಹೇಳುವವರೂ ಆಗ ಮುಖ ತಿರುಗಿಸಬೇಕು. ಅವಳ ಬೀಜ ಯಾವ ಗುಂಡಿಗೆ ಬಿತ್ತೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ಲೆಕ್ಕ ಹಾಕಲು ಆಮೆ ಅಜ್ಜನನ್ನು ಕರೆದರು. ಈ ಗುಂಡಿಯಿಂದ ಒಂದು ಬೀಜ, ಆ ಗುಂಡಿಯಿಂದ ಒಂದು ಬೀಜ, ಅಕ್ಕಪಕ್ಕ ಜೋಡಿ ಇಡುತ್ತ ಹೋಗುವುದು. ಯಾರ ಗುಂಡಿ ಮೊದಲು ಬರಿದಾಗುತ್ತದೋ ಅವರು ಸೋತ ಹಾಗೆ. ಆಮೆ ಅಜ್ಜ ಬಂಡೆಯಿಂದ ಮತ್ತಿಮರಕ್ಕೂ ಮತ್ತಿಮರದಿಂದ ಬಂಡೆಗೂ ನಡೆದು ನಡೆದು ಜೋಡಿ ಇಡುವುದೆಂದರೆ ಕೇಳಬೇಕೇ? ಒಂದೇ ದಿನಕ್ಕೆ ಮುಗಿಯುವ ಮಾತಲ್ಲವೆಂದು ಕೊನೆಗೆ ಎರಡೂ ಗುಂಡಿಯ ಬೀಜವನ್ನು ಎಲ್ಲರೆದುರಿಗೇ ತಂದು ಅವನ ಎಡಬಲಕ್ಕೆ ಸುರಿದರು. ಆದರೂ ಹೊತ್ತು ಇಳಿಯಿತು. ಯಾರೂ ಮೇವಿಗೆ ಹೋಗಲಿಲ್ಲ. ಒಂದೊಂದು ಬೀಜವನ್ನೂ ನೋಡುತ್ತ ಕುಳಿತರು.

ಎಡಗಡೆ ಇನ್ನೊಂದು ಹಿಡಿ ಬೀಜ ಇರುವಾಗ ಬಲಗಡೆ ಬರಿದಾಯಿತು. ಬಲಗಡೆಯದು ಲಕ್ಕಪ್ಪನದು.

"ಕರಿಯಣ್ಣ ಗೆದ್ದ" ಎಂದ ಆಮೆ ಅಜ್ಜ. ಒಂದು ಕ್ಷಣ ಯಾರಿಗೂ ನಂಬಿಕೆ ಬರಲಿಲ್ಲ. ಆಮೇಲೆ ಎದ್ದ ಕೂಗಿಗೆ ಹೊಳೆಯಾಚೆಯ ಹಕ್ಕಿಗಳು ಕೂಡ ಹಾರಿದವು. ಎಷ್ಟೋ ವರ್ಷ ಇನ್ನೊಬ್ಬರು ಕೂಗಿದ್ದನ್ನು ಕೇಳಿಸಿಕೊಂಡ ಕಾಡು ಅಂದು ತಾನೇ ಕೂಗಿತು.

ಆ ಗದ್ದಲದಲ್ಲಿ ಲಕ್ಕಪ್ಪ ಮೆಲ್ಲಗೆ ಜಾರಿಕೊಳ್ಳಲು ನೋಡಿದ. ಸೀಳುನಾಯಿಗಳು ಅವನ ಸುತ್ತ ನಿಂತವು. ಸೋತವನು ಹೊಳೆ ದಾಟಬೇಕೆಂದು ಅವನೇ ಮಾಡಿಸಿದ ಕಟ್ಟಳೆ. ಕಟ್ಟಳೆ ನಡೆಸುವುದೊಂದೇ ಆ ನಾಯಿಗಳಿಗೆ ಗೊತ್ತಿದ್ದದ್ದು.

"ನಾನು ಹುಟ್ಟಿದ ಕಾಡು ಕಣ್ರೋ ಇದು" ಎಂದು ಲಕ್ಕಪ್ಪ ಅತ್ತ. ಈ ಸಲದ ಅಳು ಕರೆದು ತಂದದ್ದಲ್ಲ.

"ಅಟ್ಟಿ ಅವನನ್ನ" ಎಂದು ಎಷ್ಟೋ ದನಿಗಳು ಕೂಗಿದವು. ಮಾಳಕ್ಕನ ಬಾಯಿಗೂ ಅದೇ ಮಾತು ಬಂತು. ತಂಗಿಯನ್ನು ಆಚೆಗೆ ಕಳಿಸಿದವನು ತಾನೂ ಆಚೆಗೆ ಹೋಗಲಿ ಎಂದು ಅವಳ ಮನಸ್ಸು ಹಂಬಲಿಸಿತು. ಆದರೆ ಆಚೆ ದಡದ ಕಡೆ ದಿನಾ ನೋಡಿ ನೋಡಿ ಅದೆಂಥದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

"ಬೇಡ" ಎಂದಳು. "ಅವನು ನಿಂತ, ಸೋತ. ಸೋತಿದ್ದಕ್ಕೆ ಕಾಡು ಬಿಡೋದು ಬೇಡ. ಒಪ್ಪದವರನ್ನ ಅಟ್ಟೋ ಕಟ್ಟಳೇನೇ ಬೇಡ."

ಕರಿಯಣ್ಣ ಅವಳನ್ನೇ ನೋಡಿದ. ಆಮೇಲೆ ಸಭೆಯ ಕಡೆಗೆ ತಿರುಗಿದ. "ಮಾಳಕ್ಕನ ಮಾತು ಕೇಳಿದ್ರಲ್ಲ. ಆ ಕಟ್ಟಳೆ ಹೋಗ್ಲಿ ಅನ್ನೋರು ಬಾಲ ಎತ್ತಿ. ಇರ್ಲಿ ಅನ್ನೋರು ಎತ್ಬೇಡಿ. ಯಾರಿಗೂ ಏನೂ ಆಗಲ್ಲ."

ಕೆಲವು ಬಾಲಗಳು ಎದ್ದವು, ಕೆಲವು ಏಳಲಿಲ್ಲ. ಎದ್ದವೇ ಹೆಚ್ಚು. ಆ ಕಾಡಿನಲ್ಲಿ ಏಳದ ಬಾಲಗಳು ಕಂಡದ್ದು ಅದೇ ಮೊದಲು, ಅವುಗಳನ್ನು ಕಂಡು ಯಾರೂ ಗುರುಗುಟ್ಟಲಿಲ್ಲ. ಒಪ್ಪದವರನ್ನು ಅಟ್ಟುವ ಕಟ್ಟಳೆ ಅಂದಿಗೆ ಮುಗಿಯಿತು. ಕಟ್ಟಳೆ ಹೋದ ಮೇಲೆ ದಡಕ್ಕೆ ಕಾವಲು ಯಾಕೆ? ಸೀಳುನಾಯಿಗಳು ಬಾಲ ಮುದುರಿಕೊಂಡು ನೆರಳಿಗೆ ಹೋಗಿ ಮಲಗಿದವು.

ಲಕ್ಕಪ್ಪ ಕಾಡಿನಲ್ಲೇ ಉಳಿದ. ಆದರೆ ಎಲ್ಲರ ಪರವಾಗಿ ತಾನೊಬ್ಬನೇ ಕೂಗುತ್ತಿದ್ದವನು ಅಂದಿನಿಂದ ಸಭೆಯ ಹಿಂದಿನ ಸಾಲಿನಲ್ಲಿ ಮೊಲಗಳ ಪಕ್ಕ ಕುಳಿತು, ತನ್ನ ಸರದಿ ಬರುವವರೆಗೆ ಬಾಯಿ ಮುಚ್ಚಿಕೊಂಡು ಕಾಯಬೇಕಾಯಿತು. ಮಾಳಕ್ಕನನ್ನು ಕಂಡರೆ ಅವನ ತಲೆ ತಾನಾಗಿ ತಗ್ಗುತ್ತಿತ್ತು.

ಮಾಳಕ್ಕ ಸಭೆ ಮುಗಿಯುವವರೆಗೆ ನಿಲ್ಲಲಿಲ್ಲ. ಹೊಳೆಯ ದಡಕ್ಕೆ ಓಡಿದಳು. ಆಚೆ ದಡದಲ್ಲಿ ಕೆಂಚಿ ಕಿವಿ ನಿಮಿರಿಸಿ ನಿಂತಿದ್ದಳು. ಕಾಡಿನ ಕೂಗು ಅಲ್ಲಿಗೂ ಕೇಳಿಸಿತ್ತು.

"ಬಾರೇ" ಎಂದು ಮಾಳಕ್ಕ ಗಟ್ಟಿಯಾಗಿ ಕೂಗಿದಳು. "ಬಂದ್ಬಿಡು. ಯಾರೂ ತಡೆಯಲ್ಲ."

ಕೆಂಚಿ ನೀರಿಗೆ ಕಾಲಿಟ್ಟಳು. ಎದೆಮಟ್ಟದ ನೀರನ್ನು ದಾಟಿ ಬಂದು ಈಚೆ ದಡದ ಮರಳಿನ ಮೇಲೆ ನಿಂತಳು. ಅವಳ ಬೆನ್ನಿನ ಮೂಳೆ ಎದ್ದು ಕಾಣುತ್ತಿತ್ತು. ಮಾಳಕ್ಕ ಅವಳ ಕುತ್ತಿಗೆಯನ್ನು ನೆಕ್ಕಿದಳು, ಕಿವಿಯನ್ನು ನೆಕ್ಕಿದಳು.

"ಅದೇನಕ್ಕ ಕೂಗು? ಕಾಡಲ್ಲಿ ಏನಾಯ್ತು?" ಎಂದು ಕೆಂಚಿ ಕೇಳಿದಳು.

"ಚುನಾವಣೆ ಕಣೇ. ಕರಿಯಣ್ಣ ಗೆದ್ದ."

ಕೆಂಚಿ ಮೈ ಜಾಡಿಸಿ ನೀರು ಕೊಡವಿದಳು. ನಕ್ಕಳು, ಬೇಸರದ ನಗು. "ಅವನೇ ಗೆಲ್ತಾನೆ ಅಂತ ಎಲ್ಲರಿಗೂ ಮೊದಲೇ ಗೊತ್ತಿತ್ತೇನೋ."

ಮಾಳಕ್ಕ ತಲೆ ಎತ್ತಿ ನಿಂತಳು.

"ಇಲ್ಲ ಕಣೇ ಕೆಂಚಿ" ಎಂದಳು. "ಕೊನೇ ಬೀಜದವರೆಗೂ ಯಾರಿಗೂ ಗೊತ್ತಿರಲಿಲ್ಲ."

ನೀತಿ: ಮುಂದಿನವರ ಬಾಲ ನೋಡಿ ನಡೆಯುವವರನ್ನು ಕುತಂತ್ರಿ ಎಲ್ಲಿಗಾದರೂ ನಡೆಸಿಕೊಂಡು ಹೋಗುತ್ತಾನೆ, ತಲೆ ಎತ್ತಿ ತಾವೇ ಆರಿಸಿಕೊಳ್ಳುವವರ ಮುಂದೆ ಅವನ ಆಟ ನಡೆಯುವುದಿಲ್ಲ.